ಕಿರ್ರೆನ್ನುವ ಸೈಕಲ್ಲು, ಮಸಣದ ನಲ್ಲಿ

ವಾಹನಗಳಿಲ್ಲದ ದಾರಿಯಲ್ಲಿ ಸೈಕಲ್ಲು ಹೊಡೆಯುವವರಿಗೆ ಎದುರಾಗುವ ಮೊದಲ ತೊಂದರೆ ಎಂದರೆ ವಾಹನಗಳಿಲ್ಲದಿರುವುದೇ. ಲಾರಿಯ ಹಾರ್ನಿನಡಿ, ಬಸ್ಸಿನ ಗುರುಗುಟ್ಟುವಿಕೆಯಡಿ ಅಡಗಿ ಕೂತಿದ್ದ ಸದ್ದುಗಳೆಲ್ಲ ಅಲ್ಲಿ ಒಂದೊಂದಾಗಿ ತಲೆ ಎತ್ತುತ್ತವೆ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ವರ್ಷಗಟ್ಟಲೆ ತೆಪ್ಪಗಿದ್ದ ಸೈಕಲ್ಲು ಫ್ರಾನ್ಸಿನ ಬರ್ಗಂಡಿ ಸೀಮೆಯ ನಿವೆರ್ನೇ ಕಾಲುವೆಯ ಏರಿಗೆ ಬಂದ ಹತ್ತೇ ನಿಮಿಷಕ್ಕೆ ‘ಕಿರ್’ ಎನ್ನುತ್ತದೆ. ಬಲಗಾಲು ಕೆಳಗಿಳಿದಾಗೆಲ್ಲ ಒಂದು ಕಿರ್. ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 4,800 ಕಿರ್. ಕಾಲುವೆಯ ಉದ್ದ 174 ಕಿಲೋಮೀಟರ್. ಮುಂದಿನ ಗುಣಾಕಾರ ಮಾಡದಿರುವುದೇ ಆರೋಗ್ಯಕ್ಕೆ ಒಳ್ಳೆಯದು.

ಮೊರ್ವಾನ್ ಕಾಡಿನ ಸೌದೆಯನ್ನು ಪ್ಯಾರಿಸ್ಸಿನ ಒಲೆಗಳಿಗೆ ಸಾಗಿಸಲು 1784ರಲ್ಲಿ ತೋಡತೊಡಗಿದ ಕಾಲುವೆ ಇದು. ಸೌದೆಯ ಕಾಲ ಮುಗಿದು ಈಗ ಉಳಿದಿರುವುದು ಮೆಲ್ಲಗೆ ಸಾಗುವ ವಿಹಾರದ ದೋಣಿಗಳು, ಮೀನಿಗೆ ಗಾಳ ಹಾಕಿ ಕೂತವರು, ಮತ್ತು ಈ ಕಿರ್. ಸಾರ್ದಿ ಎಂಬ ಹಳ್ಳಿಯ ಹತ್ತಿರ 16 ಲಾಕುಗಳು, ಅಂದರೆ ನೀರು ತುಂಬಿಸಿ ಇಳಿಸಿ ದೋಣಿ ದಾಟಿಸುವ ಬಾಗಿಲುತೊಟ್ಟಿಗಳು, ಒಂದರ ಬೆನ್ನಿಗೊಂದು ನಿಂತು ದೋಣಿಗಳನ್ನು ಮೆಟ್ಟಿಲು ಹತ್ತಿಸುತ್ತವೆ. ಪ್ರತಿ ಲಾಕಿನ ಪಕ್ಕದಲ್ಲೂ ಏರಿಗೊಂದು ಪುಟ್ಟ ಏರು. ಅಲ್ಲಿ ಕಾಲಿಗೆ ಬಲ ಬಿದ್ದೊಡನೆ ಕಿರ್ ತಾರಸ್ಥಾಯಿಗೆ ಹೋಗುತ್ತದೆ. ಗಾಳದವರು ತಿರುಗಿ ನೋಡುತ್ತಾರೆ.

ಇಂಥ ಹೊತ್ತಲ್ಲಿ ಜೊತೆಯಲ್ಲಿರುವವರು ಹೇಳುವ ಮಾತು ಒಂದೇ: ‘ಬಾಟಮ್ ಬ್ರಾಕೆಟ್ ಹೋಗಿರಬೇಕು.’ ಎರಡು ಪೆಡಲುಗಳ ನಡುವೆ, ಫ್ರೇಮಿನ ಬುಡದಲ್ಲಿ ಅಡಗಿರುವ ಬೇರಿಂಗು ಅದು. ಹೊಟ್ಟೆನೋವು ಎಂದವನಿಗೆಲ್ಲ ‘ಗ್ಯಾಸು’ ಎನ್ನುವ ನೆಂಟರಿರುತ್ತಾರಲ್ಲ, ಆ ಜಾತಿಯ ರೋಗನಿರ್ಣಯ ಇದು. ಫ್ರೇಮಿನ ಕೊಳವೆಗಳು ಟೊಳ್ಳು. ತಂಬೂರಿಯ ಬುರುಡೆಯಂತೆ ಎಲ್ಲಿಯದೋ ಸದ್ದನ್ನು ಎಲ್ಲಿಗೋ ಒಯ್ದು ಮೊಳಗಿಸುತ್ತವೆ. ಸೀಟಿನ ಬುಡದಲ್ಲಿ ಹುಟ್ಟಿದ್ದು ಪಾದದಡಿ ಕೇಳಿಸುತ್ತದೆ. ಆದ್ದರಿಂದ ಕಿವಿಯನ್ನು ನಂಬಬಾರದು, ಕ್ರಮವನ್ನು ನಂಬಬೇಕು. ಎದ್ದು ನಿಂತು ತುಳಿದಾಗ ಸದ್ದು ನಿಂತರೆ ಅಪರಾಧಿ ಸೀಟು ಅಥವಾ ಸೀಟ್ ಪೋಸ್ಟು. ಎದ್ದು ನಿಂತರೂ ಕಿರ್ರೆಂದರೆ ಪೆಡಲು, ಅದನ್ನು ಹಿಡಿದಿರುವ ತೋಳಾದ ಕ್ರ್ಯಾಂಕು, ಚೈನು ಕೂರುವ ಮುಂದಿನ ಹಲ್ಲುಚಕ್ರವಾದ ಚೈನ್‌ರಿಂಗಿನ ಬೋಲ್ಟುಗಳು ಅಥವಾ ಹ್ಯಾಂಡಲ್‌ಬಾರು. ತುಳಿಯದೆ ಉರುಳುವಾಗಲೂ ಕೇಳಿಸಿದರೆ ಚಕ್ರ, ಡಿಸ್ಕು, ಇಲ್ಲವೇ ಮಡ್‌ಗಾರ್ಡು. ಸೀಟ್ ಪೋಸ್ಟನ್ನು ಹೊರಗೆಳೆದು, ಒರೆಸಿ, ಲೋಹದ್ದಾದರೆ ಗ್ರೀಸು, ಕಾರ್ಬನ್ನಿನದಾದರೆ ಅದಕ್ಕೆಂದೇ ಇರುವ ಮರಳುಮರಳಾದ ಪೇಸ್ಟು ಸವರಿ, ಕ್ಲ್ಯಾಂಪಿನ ಮೇಲೆ ಬರೆದಿರುವ ಬಲಕ್ಕೆ ಬಿಗಿಯಬೇಕು. ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಆಸುಪಾಸು. ಅರ್ಧದಷ್ಟು ಕಿರ್‌ಗಳು ಇಲ್ಲೇ ಸಾಯುತ್ತವೆ. ಉಳಿದರ್ಧಕ್ಕೆ ಪೆಡಲು ಬಿಚ್ಚಿ ಅದರ ತಿರುಪಿನ ಸುರುಳಿಗೆ, ಅಂದರೆ ಮರೆಗೆ, ಗ್ರೀಸು ಹಾಕಬೇಕು. ಎಡಗಡೆಯ ಪೆಡಲಿನ ಮರೆ ತಿರುಗುಮುರುಗು ಎಂಬುದನ್ನು ಮರೆತು ಜೋರಾಗಿ ‘ಬಿಚ್ಚಿದವರು’ ಅದನ್ನು ಇನ್ನೂ ಬಿಗಿಯಾಗಿಸಿ, ಸ್ಪ್ಯಾನರು ಜಾರಿ ಬೆರಳಗೆಣ್ಣು ಕಿತ್ತುಕೊಳ್ಳುತ್ತಾರೆ. ಕೊನೆಯ ಕಿರ್ ಒಂದಿದೆ. ಇದೆಲ್ಲ ಮಾಡಿದ ಮೇಲೂ ಉಳಿಯುವಂಥದ್ದು. ಅದು ಎಲ್ಲಿಂದ ಬರುತ್ತದೆ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಅದಕ್ಕೆ ಮೊದಲು ದೂಳು. ಡಾಂಬರಿಲ್ಲದ ಕಡೆ ಇಂಥ ಏರಿಗೆ ಫ್ರೆಂಚರು ಹಾಸುವುದನ್ನು ‘ಸ್ತಾಬಿಲಿಸೇ’ ಎನ್ನುತ್ತಾರೆ: ಹೆಚ್ಚಾಗಿ ಸುಣ್ಣಕಲ್ಲಿನ ಪುಡಿ ಮತ್ತು ಸಣ್ಣ ಜಲ್ಲಿ, ನೀರು ಕುಡಿಸಿ ರೋಲರು ಹೊಡೆದು ಗಟ್ಟಿ ಮಾಡಿದ್ದು. ನಮ್ಮಲ್ಲಿ ಗುತ್ತಿಗೆದಾರ ಸುರಿದುಹೋಗಿ, ಮುಂದಿನ ಚುನಾವಣೆಯವರೆಗೆ ಹಾಗೇ ಬಿದ್ದಿರುವ ಜಲ್ಲಿಗೂ ಇದಕ್ಕೂ ಸಂಬಂಧವಿಲ್ಲ. ಒಣಗಿದ್ದಾಗ 40 ಮಿಲಿಮೀಟರ್ ಟೈರಿನಲ್ಲಿ, 70 ಕಿಲೋ ತೂಕದವರಿಗೆ 2ರಿಂದ 2.5 ಬಾರ್ ಒತ್ತಡದ ಗಾಳಿ ಇದ್ದರೆ ರೇಷ್ಮೆ ಸೀರೆ ಎಳೆದಂತೆ ಸಾಗುತ್ತದೆ. ಮಳೆ ಬಿತ್ತೋ, ಅದೇ ಪುಡಿ ದೋಸೆಹಿಟ್ಟಿನ ಹದಕ್ಕೆ ಬಂದು ಚೈನಿಗೆ ಮೆತ್ತಿಕೊಂಡು, ಒಣಗಿ, ಸಾಣೆಕಲ್ಲಿನ ಕೆಲಸ ಶುರುಮಾಡುತ್ತದೆ. ದಪ್ಪ ಎಣ್ಣೆ ಹಾಕಿದ್ದರೆ ಇನ್ನೂ ಕೇಡು. ಎಣ್ಣೆ ದೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಮೇಣದ ಲೇಪ ವಾಸಿ. ಏನೇ ಹಾಕಿದ್ದರೂ ಸಂಜೆಗೆ ಚೈನು ಒರೆಸಲು ಒಂದು ಬಟ್ಟೆ, ಸ್ವಲ್ಪ ನೀರು ಬೇಕು. ಕುಡಿಯಲಂತೂ ಬೇಕೇ ಬೇಕು: ಬೇಸಗೆಯಲ್ಲಿ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್. ಮುಕ್ಕಾಲು ಲೀಟರಿನ ಎರಡು ಬಾಟಲಿ ಎರಡು ಮೂರು ಗಂಟೆಗೆ ಖಾಲಿ. ಊರಿದೆ, ಹೋಟೆಲಿಲ್ಲ. ಅಂಗಡಿಯಿದೆ, ಬಾಗಿಲು ಹಾಕಿದೆ. ನೀರೆಲ್ಲಿ?

ಮಸಣದಲ್ಲಿ.

ಇದು ತಮಾಷೆಯಲ್ಲ. ಫ್ರಾನ್ಸಿನ ಹಳ್ಳಿದಾರಿಗಳಲ್ಲಿ ಸೈಕಲ್ಲು ಹೊಡೆಯುವವರಿಗೆಲ್ಲ ಗೊತ್ತಿರುವ ಗುಟ್ಟು. ಗೋರಿಗಳ ಮೇಲಿನ ಹೂಕುಂಡಗಳಿಗೆ ನೀರು ಹಾಕಲೆಂದು ಊರಿನ ಸ್ಮಶಾನದಲ್ಲಿ ನಲ್ಲಿ ಇರುತ್ತದೆ. ಹೆಚ್ಚಾಗಿ ಬಾಗಿಲು ದಾಟಿದ ಕೂಡಲೇ, ಗೋಡೆಗೆ ಅಂಟಿಕೊಂಡು. ಸಾಮಾನ್ಯವಾಗಿ ಮನೆಗಳಿಗೆ ಬರುವ ಕೊಳವೆಯ ನೀರೇ. ಕೆಲವೆಡೆ ಬಾವಿಯದೋ ಮಳೆನೀರಿನ ತೊಟ್ಟಿಯದೋ ಆಗಿರುವುದೂ ಉಂಟು. ಹಾಗಾಗಿ ‘ಓ ನಾನ್ ಪೊಟಾಬ್ಲ್’ (ಕುಡಿಯುವ ನೀರಲ್ಲ) ಎಂಬ ಫಲಕವಿದೆಯೇ ಎಂದು ನೋಡಿಕೊಳ್ಳಬೇಕು. ಇದ್ದರೆ ಅದು ಚೈನಿನ ಬಟ್ಟೆಗೆ, ತಲೆಗೆ, ಗಂಟಲಿಗಲ್ಲ. ನಮ್ಮಲ್ಲಿ ಮಸಣಕ್ಕೆ ಹೋಗಿ ಬಂದವರು ತಲೆಗೆ ನೀರು ಹಾಕಿಕೊಂಡೇ ಮನೆಯೊಳಗೆ ಕಾಲಿಡಬೇಕು. ಇಲ್ಲಿ ತಲೆಗೆ ನೀರು ಹಾಕಿಕೊಳ್ಳಲೆಂದೇ ಮಸಣಕ್ಕೆ ಹೋಗಬೇಕು. ಮಡಿವಂತ ಅಜ್ಜಿಯರಿಗೆ ಇದನ್ನು ವಿವರಿಸಲು ಹೊರಡಬೇಡಿ.

ನಲ್ಲಿಗಳಲ್ಲೂ ಪಂಗಡಗಳಿವೆ. ತಿರುಪಿನ ನಲ್ಲಿ ಸಜ್ಜನ. ಒತ್ತುಗುಂಡಿಯ ನಲ್ಲಿ ಜಿಪುಣ: ಒತ್ತಿದರೆ ಕೆಲವೇ ಸೆಕೆಂಡು ಸುರಿದು ನಿಲ್ಲುತ್ತದೆ, ಒಂದು ಕೈ ಗುಂಡಿಗೆ, ಒಂದು ಕೈ ಬಾಟಲಿಗೆ, ಮುಚ್ಚಳ ಹಲ್ಲಿನ ನಡುವೆ. ಚಳಿಗಾಲದಲ್ಲಿ ಎಷ್ಟೋ ಕಡೆ ನಲ್ಲಿಯೇ ಇಲ್ಲದಂತೆ. ಕೊಳವೆಯೊಳಗೆ ನೀರು ಹೆಪ್ಪುಗಟ್ಟಿ ಒಡೆದೀತೆಂದು ನವೆಂಬರ್ ಕಳೆಯುತ್ತಿದ್ದಂತೆ ಬಂದ್ ಮಾಡಿಬಿಡುತ್ತಾರೆ. ನವೆಂಬರ್ 1ರ ಸರ್ವಸಂತರ ಹಬ್ಬದ ಹೊತ್ತಿಗೆ ಮಾತ್ರ ನೀರಿಗೂ ಜನಕ್ಕೂ ಬರವಿಲ್ಲ. ಗೋರಿಗೊಂದು ಸೇವಂತಿಗೆ ಕುಂಡ. ಹೌದು, ನಮ್ಮ ದೇವರ ತಲೆಯ ಮೇಲಿನ, ಮದುಮಗಳ ಜಡೆಯ, ಬನಶಂಕರಿ ಗುಡಿಯೆದುರಿನ ಬುಟ್ಟಿಗಳ ಅದೇ ಸೇವಂತಿಗೆ. ಅಲ್ಲಿ ಅದು ಸತ್ತವರ ಹೂವು. ಫ್ರೆಂಚರ ಮನೆಗೆ ಊಟಕ್ಕೆ ಹೋಗುವ ಕನ್ನಡಿಗರು ಮೊಳ ಹಾಕಿದಷ್ಟು ಪ್ರೀತಿಯಿಂದ ಸೇವಂತಿಗೆ ಗುಚ್ಛ ಒಯ್ದರೆ ಬಾಗಿಲಲ್ಲೇ ಮೌನ.

ಇನ್ನೊಂದು ಸಂಗತಿ. ಈ ನಲ್ಲಿಗೆ ಹೋಗುವ ದಾರಿ ಎಷ್ಟೋ ಊರುಗಳಲ್ಲಿ ಏರು. ನೀರು ಮುಗಿದು ನಾಲಿಗೆ ಒಣಗಿದಾಗಲೇ ಗುಡ್ಡ ಹತ್ತಿಸುವ ಈ ಕ್ರೌರ್ಯಕ್ಕೆ ಕಾರಣ ನೆಪೋಲಿಯನ್ನನ ಕಾಲದ ಕಾಗದವೊಂದು. 1804ರ ಜೂನ್ 12ರ ಆಜ್ಞೆ ಊರೊಳಗೆ, ಚರ್ಚಿನೊಳಗೆ ಹೂಳುವುದನ್ನು ನಿಲ್ಲಿಸಿತು. ಮಸಣ ಊರಿನಿಂದ ಕನಿಷ್ಠ 35-40 ಮೀಟರ್ ಆಚೆ ಇರಲಿ, ಸಾಧ್ಯವಾದಷ್ಟು ಎತ್ತರದ ಜಾಗವಿರಲಿ, ಉತ್ತರಕ್ಕೆ ತೆರೆದಿರಲಿ, ಸುತ್ತ ಎರಡು ಮೀಟರಿಗೆ ಕಡಿಮೆಯಿಲ್ಲದ ಗೋಡೆ ಇರಲಿ, ಗಿಡಮರ ನೆಡಿ, ಆದರೆ ಗಾಳಿಯಾಡಲು ಅಡ್ಡಿಯಾಗದಿರಲಿ ಎಂದಿತು. ಕೆಟ್ಟ ಗಾಳಿಯೇ ರೋಗದ ಮೂಲ ಎಂದು ನಂಬಿದ್ದ ಕಾಲ ಅದು. ಸೈಕಲ್ಲಿಗೆ ಪೆಡಲು ಬರಲು ಇನ್ನೂ ಅರ್ಧ ಶತಮಾನವಿತ್ತು. ಆದರೂ ಎತ್ತರದ ಬಿಳಿ ಗೋಡೆ, ಮೇಲೆ ಇಣುಕುವ ಕಡುಹಸಿರು ಮರ, ಪಕ್ಕದಲ್ಲಿ ನೆರಳು, ಸೈಕಲ್ಲು ಒರಗಿಸಲು ಗೋಡೆ, ಒಳಗೆ ನೀರು: ಬಾಯಾರಿದವನಿಗೆ ಒಂದು ಮೈಲಿಯಾಚೆಯಿಂದಲೇ ಕಾಣುವಂತೆ ಕಟ್ಟಿಸಿಟ್ಟ ಅರವಟ್ಟಿಗೆಯಂತೆಯೇ ಇದೆ. ಎಲ್ಲ ಊರೂ ಆಜ್ಞೆ ಪಾಲಿಸಲಿಲ್ಲ. ಚರ್ಚಿನ ಸುತ್ತಲೇ ಗೋರಿಗಳಿರುವ ಹಳ್ಳಿಗಳು ಇಂದಿಗೂ ಇವೆ. ಸೈಕಲ್ಲಿನವರು ಆ ಹಳ್ಳಿಗಳನ್ನು ಹೆಚ್ಚು ಪ್ರೀತಿಸುತ್ತಾರೆ.

ಸೈಕಲ್ಲು ಹೊರಗಿರಲಿ. ಹೆಲ್ಮೆಟ್ ಕೈಯಲ್ಲಿರಲಿ. ಬಾಗಿಲು ತೆರೆದಂತೆಯೇ ಮುಚ್ಚಬೇಕು. ಹೂಕುಂಡ ಹಿಡಿದು ಸಾಲಿನಲ್ಲಿ ಯಾರಾದರೂ ನಿಂತಿದ್ದರೆ ಅವರ ಕೆಲಸ ಮೊದಲು. ಕೆಲವರು ಸೈಕಲ್ಲನ್ನೇ ಒಳಗೆ ತಳ್ಳಿಕೊಂಡು ಹೋಗಿ, ಗೋರಿಕಲ್ಲಿಗೆ ಒರಗಿಸಿ, ನಲ್ಲಿಯಡಿ ಚೈನು ತೊಳೆಯುತ್ತಾರೆ. ಕರಿ ಎಣ್ಣೆ ಯಾರದೋ ಅಜ್ಜನ ಕಡೆಗೆ ಹರಿಯುತ್ತದೆ. ಹರಿಶ್ಚಂದ್ರ ಕಾವಲಿದ್ದಿದ್ದರೆ ಇಂಥವರಿಂದ ಸುಂಕದ ಜೊತೆ ದಂಡವನ್ನೂ ವಸೂಲು ಮಾಡುತ್ತಿದ್ದ. ಈ ವಿಷಯದಲ್ಲಿ ನನಗೆ ಕರುಣೆಯಿಲ್ಲ.

ಏರಿಗೆ ಮರಳಿದರೆ ಅಡ್ಡಗಂಬಿ ಕಾದಿರುತ್ತದೆ. ಇಂಥ ದಾರಿಗಳು ರಸ್ತೆ ದಾಟುವಲ್ಲಿ, ಸ್ಕೂಟರು ಕಾರು ನುಗ್ಗದಿರಲೆಂದು, ಎಡಕ್ಕೊಂದು ಬಲಕ್ಕೊಂದು ಕಬ್ಬಿಣದ ಕಂಬಿ ನೆಟ್ಟಿರುತ್ತಾರೆ. ಬರಿ ಸೈಕಲ್ಲಾದರೆ ಹಾವಿನಂತೆ ನುಸುಳಬಹುದು. ಹಿಂದೆ ಎರಡು ಚೀಲ ಕಟ್ಟಿದ್ದರೆ ಹಿಂಭಾಗ ಸಿಕ್ಕಿಕೊಂಡು, ಇಳಿದು, ಎತ್ತಿ, ತಿರುಗಿಸಿ, ಮೊಣಕಾಲು ತಾಗಿಸಿಕೊಳ್ಳಬೇಕು. ಚೀಲಗಳನ್ನು ಫ್ರೇಮಿಗೆ, ಸೀಟಿನ ಹಿಂದಕ್ಕೆ ಉದ್ದುದ್ದ ಕಟ್ಟುವುದೇ ಇದಕ್ಕೆ ಮದ್ದು. ವಾಹನ ಬಾರದ ದಾರಿಯಲ್ಲಿ ಸೈಕಲ್ಲೂ ಬಾರದಂತೆ ಮಾಡುವುದು ಎಂಥ ಬುದ್ಧಿ ಎಂದು ಕೇಳಿದರೆ ಉತ್ತರಿಸುವವರಿಲ್ಲ. ಅದೂ ವಾಹನಗಳಿಲ್ಲದ ದಾರಿಯ ಲಕ್ಷಣವೇ.

ಸರಿ, ಆ ಕೊನೆಯ ಕಿರ್. ಸೀಟ್ ಪೋಸ್ಟಿಗೆ ಗ್ರೀಸಾಯಿತು, ಪೆಡಲಿನ ಮರೆ ಆಯಿತು, ಚೈನ್‌ರಿಂಗಿನ ಬೋಲ್ಟು ಬಿಗಿಯಾಯಿತು, ಚಕ್ರದ ಆಕ್ಸಲ್ ಹೊರಗೆಳೆದು ಒರೆಸಿದ್ದಾಯಿತು. ಇನ್ನೂ ಬಲಗಾಲು ಇಳಿದಾಗ ಕಿರ್. ಇಲ್ಲಿ ನೋಡಬೇಕಾದದ್ದು...

ಅಷ್ಟರಲ್ಲಿ ಊರಿನ ಚರ್ಚಿನ ಗಂಟೆ. ಹನ್ನೆರಡು. ಮುಂದಿನ ಊರಿನ ಬ್ರೆಡ್ಡಿನಂಗಡಿ ಬಾಗಿಲು ಹಾಕುವುದು ಹನ್ನೆರಡೂವರೆಗೆ. ಭಾನುವಾರವಾದರೆ ಮತ್ತೆ ತೆರೆಯದೆಯೂ ಇರಬಹುದು, ಸೋಮವಾರ ಹಲವೆಡೆ ತೆರೆಯುವುದೇ ಇಲ್ಲ. ಅಲ್ಲಿಗೆ ಇನ್ನೂ ಎಂಟು ಕಿಲೋಮೀಟರ್. ಕಿರ್ರೆಂದರೆ ಎನ್ನಲಿ, ತುಳಿಯಿರಿ. ಒಂದೆರಡು ನಿಮಿಷಕ್ಕೆ ಗಂಟೆ ಮತ್ತೆ ಹನ್ನೆರಡು ಸಲ ಹೊಡೆಯುತ್ತದೆ. ಮೊದಲ ಸಲ ಎಣಿಕೆ ತಪ್ಪಿದ ಹೊಲದ ಕೆಲಸದವರಿಗೆಂದು, ಅಲ್ಲಿನ ಹಲವು ಹಳ್ಳಿಗಳಲ್ಲಿ ಹೊತ್ತನ್ನು ಹಾಗೆ ಎರಡು ಸಲ ಸಾರುತ್ತಾರೆ.