ಮೂರು ಸೊನ್ನೆಯ ಜೋಕು

ಹೋದ ತಿಂಗಳು ಇಬ್ಬರು ಹುಡುಗರು ತಮ್ಮ ಪಾಡ್‌ಕಾಸ್ಟಿಗೆ ಕರೆದಿದ್ದರು. ಜನ ಮರೆತಿರೋ ಹಳೇ ಕನ್ನಡ ಸಿನಿಮಾ ಒಂದನ್ನು ಹುಡುಕಿ ನೋಡುವುದು, ಆಮೇಲೆ ಒಂದು ಗಂಟೆ ಅದರ ಕಾಲೆಳೆಯುವುದು, ಇದು ಅವರ ಕಾರ್ಯಕ್ರಮ. ಈ ಸಲದ ಸಿನಿಮಾ 'ಕುಳ್ಳ ಏಜೆಂಟ್ 000'. 1972ರದ್ದು. ದ್ವಾರಕೀಶ್ ಹೀರೋ, ಕೆ.ಎಸ್.ಎಲ್. ಸ್ವಾಮಿ ನಿರ್ದೇಶನ, ರಾಜನ್–ನಾಗೇಂದ್ರ ಸಂಗೀತ.

ಸಿನಿಮಾ ಗೊತ್ತಿಲ್ಲ ಅನ್ನೋರಿಗೂ ಅದರ ಒಂದು ಹಾಡು ಗೊತ್ತು. 'ಆಡು ಆಟ ಆಡು'. ಕಿಶೋರ್ ಕುಮಾರ್ ಕನ್ನಡದಲ್ಲಿ ಹಾಡಿದ ಒಂದೇ ಒಂದು ಹಾಡು ಅಂತ ಕ್ವಿಜ್‌ನಲ್ಲಿ ಕೇಳ್ತಾರಲ್ಲ, ಅದೇ. 2024ರ ಏಪ್ರಿಲ್‌ನಲ್ಲಿ ದ್ವಾರಕೀಶ್ ತೀರಿಕೊಂಡಾಗ ನನ್ನ ಫೋನಿಗೆ ಈ ಹಾಡು ಎಷ್ಟು ಸಲ ಬಂತೋ ಲೆಕ್ಕ ಇಲ್ಲ. ಸಿನಿಮಾ ನೋಡಿದೀನಿ ಅಂದವರು ಆ ದಿನ ಒಬ್ಬರೂ ಸಿಗಲಿಲ್ಲ. ನಾನೂ ಅಲ್ಲಿಯವರೆಗೆ ಪೂರ್ತಿ ನೋಡಿರಲಿಲ್ಲ, ಅದೂ ಇರಲಿ.

ರೆಕಾರ್ಡಿಂಗ್ ಅಂದರೆ ಒಬ್ಬ ಹುಡುಗನ ಬಾಡಿಗೆ ಮನೆಯ ಮಲಗುವ ಕೋಣೆ. ಫ್ಯಾನ್ ಹಾಕುವ ಹಾಗಿಲ್ಲ, ಮೈಕಿಗೆ ಸದ್ದು ಬೀಳುತ್ತೆ. ಕಿಟಕಿಗೆ ರಜಾಯಿ ಕಟ್ಟಿದ್ದರು. ಬೆವರು ಒರೆಸಿಕೊಂಡೇ ನಾವು ಮೂವರೂ ನಗಬೇಕು. ಶುರುವಾದ ಹತ್ತು ನಿಮಿಷದಲ್ಲಿ ದ್ವಾರಕೀಶ್ ಎತ್ತರದ ಬಗ್ಗೆ ಏಳು ಜೋಕು ಆದವು. ಸುಮ್ನೆ ಹೇಳ್ತಿಲ್ಲ, ಎಣಿಸಿದೆ. ಆ ಮನುಷ್ಯ ಪೋಸ್ಟರ್ ಮೇಲೇ 'ಕುಳ್ಳ' ಅಂತ ಹಾಕಿಸಿಕೊಂಡಿದ್ದ. ಆಮೇಲೂ ಬಿಡಲಿಲ್ಲ, 'ಕುಳ್ಳ ಕುಳ್ಳಿ', 'ಪ್ರಚಂಡ ಕುಳ್ಳ' ಅಂತ ಸಾಲಾಗಿ ಬಂದವು. ತಾನೇ ಬೋರ್ಡು ಬರೆಸಿ ನೇತುಹಾಕಿದವನನ್ನು ನೀವು ಕುಳ್ಳ ಅಂದರೆ ಅದು ಜೋಕಲ್ಲ, ಹಾಜರಿ ಕೂಗಿದ ಹಾಗೆ.

ನನಗೆ ಕಸಿವಿಸಿ ಆಗಿದ್ದು ಅದಕ್ಕಲ್ಲ. ಒಬ್ಬ ಹುಡುಗ ಕೇಳಿದ, "ಸರ್, ಬಾಂಡನ್ನ ಕಾಪಿ ಹೊಡೀಬೇಕು ಅಂದ್ರೆ ನೆಟ್ಟಗೆ ಹೊಡೀಬೇಕಲ್ವಾ? ಇದೇನಿದು ಮೂರು ಸೊನ್ನೆ?" ಇನ್ನೊಬ್ಬ ಬಿದ್ದು ಬಿದ್ದು ನಕ್ಕ. ಕಳಪೆ ಕಾಪಿ ಅನ್ನೋದು ಅವರ ತೀರ್ಮಾನ. ಅದು ಕಾಪಿ ಅಲ್ಲಪ್ಪಾ, ಅಣಕ ಅಂತ ನನಗನ್ನಿಸುತ್ತಿತ್ತು. ಯಾರ ಅಣಕ ಅಂತ ಗೊತ್ತಿಲ್ಲದೆ ಹುಡುಗರು ಅದನ್ನೇ ಅಣಕಿಸುತ್ತಾ ಕೂತಿದ್ದರು.

ಸ್ವಲ್ಪ ಹಿಂದೆ ಹೋಗಬೇಕು. 1968ರಲ್ಲಿ ದೊರೈ–ಭಗವಾನ್ 'ಜೇಡರ ಬಲೆ' ಮಾಡಿದರು. ಅಲ್ಲಿಯವರೆಗೆ ಪುರಾಣದಲ್ಲಿ, ಭಕ್ತಿ ಚಿತ್ರಗಳಲ್ಲಿ ನೋಡಿದ್ದ ರಾಜ್‌ಕುಮಾರ್ ಕೋಟು ತೊಟ್ಟು ಪಿಸ್ತೂಲು ಹಿಡಿದು ಸಿ.ಐ.ಡಿ. 999 ಆಗಿ ಬಂದರು. ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999', ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999'. ಎರಡೇ ವರ್ಷದಲ್ಲಿ ಮೂರು ಸಿನಿಮಾ. 999 ಅಂದರೆ ಆಗಿನ ಜನಕ್ಕೆ ಬಿಡಿಸಿ ಹೇಳಬೇಕಿರಲಿಲ್ಲ. ಅಂಥಾ ಹೊತ್ತಲ್ಲಿ ಹೀರೋನ ಪಕ್ಕದಲ್ಲಿ ನಿಂತು ಏಟು ತಿನ್ನಬೇಕಾದ ಹಾಸ್ಯನಟ ತಾನೇ ಏಜೆಂಟ್ ಅಂತ ಬಂದು ನಿಂತ. ನಂಬರ್ ಏನು? 000. ಗಣಿತದ ಪರೀಕ್ಷೆಯಲ್ಲಿ ಬಂದ ಮಾರ್ಕು. ನನ್ನ ಪ್ರಕಾರ ಟೈಟಲ್ ಬೀಳುವಾಗಲೇ ಅರ್ಧ ಕೆಲಸ ಮುಗಿದಿತ್ತು.

ಇದನ್ನೆಲ್ಲ ಮೈಕಿನ ಮುಂದೆ ಹೇಳಿದೆ. ಪಾಠ ಮಾಡಿದ ಹಾಗಾಯ್ತು. ಹುಡುಗರು "ಓ ಹೌದಾ ಸರ್" ಅಂದರು, ಯಾರೂ ನಗಲಿಲ್ಲ. ಜೋಕನ್ನು ಬಿಡಿಸಿ ಹೇಳಿದರೆ ಆಗೋ ಗತಿಯೇ ಅದು.

ಕೊನೆಗೆ ಮೈಸೂರಿಗೆ ಅಮ್ಮನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. 72ರಲ್ಲಿ ಅವಳಿಗೆ ಹದಿನಾಲ್ಕು ವರ್ಷ, ಚಿಕ್ಕಮ್ಮನ ಜೊತೆ ಮ್ಯಾಟಿನಿಗೆ ಹೋಗಿದ್ದಳು. ಕಥೆ ಏನು ಅಂದರೆ ನೆನಪಿಲ್ಲ ಅಂದಳು. ಕಳ್ಳೇಕಾಯಿ ಪೊಟ್ಟಣ ನೆನಪಿದೆ, ಚಿಕ್ಕಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಿದ್ದು ನೆನಪಿದೆ. ನಗು ಯಾಕೆ ಬಂತು ಅಂತ ಹುಡುಗ ಕೇಳಿದ. ಅಮ್ಮ ಹೇಳಿದ್ದು ಇಷ್ಟು: "ಅಣ್ಣಾವ್ರು ಪಿಸ್ತೂಲು ಹಿಡಿದ್ರೆ ಶಿಳ್ಳೆ ಹೊಡೀತಿದ್ರು ಕಣಪ್ಪಾ. ಈ ಕುಳ್ಳ ಹಿಡಿದ್ರೆ ನಗ್ತಿದ್ರು. ಅದೇ ಪಿಸ್ತೂಲು. ಅದಕ್ಕೇ ನಗು."

ನಾನು ಇಪ್ಪತ್ತು ನಿಮಿಷ ಕೊರೆದಿದ್ದು ಇದನ್ನೇ.

ಸಿನಿಮಾ ಅದ್ಭುತ ಅಂತ ನಾನು ವಾದ ಮಾಡಲ್ಲ. ನೋಡುವಾಗ ನಡುವೆ ಎರಡು ಸಲ ಎದ್ದು ಕಾಫಿ ಮಾಡಿಕೊಂಡಿದ್ದೇನೆ. ನಮಗೆ ಸಿಕ್ಕ ಕಾಪಿಯೂ ಮಸುಕು, ಮಾತು ಕೇಳಿಸಿಕೊಳ್ಳೋಕೆ ಕಿವಿ ಹತ್ತಿರ ಹಿಡಿಯಬೇಕಿತ್ತು. ಅದೇ 1972ರಲ್ಲಿ 'ಬಂಗಾರದ ಮನುಷ್ಯ' ಬಂತು, ವರ್ಷದ ಕೊನೆಗೆ 'ನಾಗರಹಾವು' ಬಂತು. ಇವುಗಳ ನಡುವೆ ಒಂದು ತಮಾಷೆ ಸಿನಿಮಾ ಮರೆತುಹೋದರೆ ಆಶ್ಚರ್ಯ ಇಲ್ಲ. ಅಳಿಸಿದ ಸಿನಿಮಾಗೆ ಐವತ್ತು ವರ್ಷ ಆಯಸ್ಸು, ನಗಿಸಿದ್ದಕ್ಕೆ ಐದು. ಅಳು ಯಾವ ಕಾಲದವರಿಗೂ ಅರ್ಥ ಆಗುತ್ತೆ, ನಗುವಿಗೆ ಮಾತ್ರ ಆ ಕಾಲದ ಸುದ್ದಿ, ಆ ಕಾಲದ ಹೀರೋ, ಪಕ್ಕದ ಸೀಟಿನ ಚಿಕ್ಕಮ್ಮ ಎಲ್ಲ ಬೇಕು. ಒಬ್ಬನೇ ಮೆಟ್ರೋದಲ್ಲಿ ಇಯರ್‌ಫೋನ್ ಹಾಕಿಕೊಂಡು 'ನೋಡೋಣ, ನಗಿಸು' ಅಂತ ಕೂತರೆ ಯಾವ ಕುಳ್ಳ ತಾನೇ ಏನು ಮಾಡ್ತಾನೆ?

ಇನ್ನೊಂದು ಮಾತು. ದ್ವಾರಕೀಶ್ ಹುಣಸೂರಿನ ಹುಡುಗ, ಮೈಸೂರಿನಲ್ಲಿ ಡಿಪ್ಲೊಮಾ ಮುಗಿಸಿ ಅಣ್ಣನ ಜೊತೆ ವಾಹನದ ಬಿಡಿಭಾಗ ಮಾರುತ್ತಿದ್ದವನು. ಸಿನಿಮಾಗೆ ಬಂದು 1969ರಲ್ಲಿ ರಾಜ್‌ಕುಮಾರ್ ಅವರನ್ನೇ ಹಾಕಿಕೊಂಡು 'ಮೇಯರ್ ಮುತ್ತಣ್ಣ' ನಿರ್ಮಿಸಿದ. ಅದಾಗಿ ಮೂರು ವರ್ಷಕ್ಕೆ ತಾನೇ ಹೀರೋ, ತನಗೆ ಕಿಶೋರ್ ಕುಮಾರ್ ದನಿ. ಈ ಧೈರ್ಯದ ಬಗ್ಗೆ ಒಂದು ಮಾತೂ ಆಡದೆ ಎತ್ತರ ಅಳೆಯುತ್ತಾ ಕೂತರೆ ನನಗಂತೂ ಬೇಜಾರಾಗುತ್ತೆ. ನಿರ್ದೇಶಕರನ್ನೂ ನೋಡಿ. ಪುಟ್ಟಣ್ಣ ಕಣಗಾಲ್ ತೀರಿಕೊಂಡ ಮೇಲೆ 'ಮಸಣದ ಹೂವು' ಮುಗಿಸಿಕೊಟ್ಟವರೂ ಇದೇ ಕೆ.ಎಸ್.ಎಲ್. ಸ್ವಾಮಿ, 'ಮಲಯ ಮಾರುತ' ಮಾಡಿದವರೂ ಇವರೇ. ಇಂಥವರು ತಮಾಷೆಗೆ ಕೈ ಹಾಕಿದಾಗ ಏನು ಮಾಡಿದರು ಅಂತ ನೋಡೋಕಾದರೂ ಈ ಸಿನಿಮಾ ನೋಡಬಹುದು.

ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಮರೆತುಹೋದ ಸಿನಿಮಾ ಹುಡುಕಿ ನೋಡುವವರು ಎಷ್ಟು ಜನ ಇದ್ದಾರೆ? ನಗೋಕೆ ಅಂತಲಾದರೂ ನೋಡ್ತಾರಲ್ಲ. ಕಾಲೆಳೆಯಲಿ, ಆದರೆ ಯಾರ ಕಾಲು ಅಂತ ತಿಳಿದುಕೊಂಡು ಎಳೆದರೆ ಜಾಸ್ತಿ ಮಜಾ ಬರುತ್ತೆ.

ಎಪಿಸೋಡು ಹೋದ ವಾರ ಬಂತು. ಅಮ್ಮ ಆರು ನಿಮಿಷ ಮಾತಾಡಿದ್ದಳು, ನಲವತ್ತು ಸೆಕೆಂಡ್ ಉಳಿದಿದೆ. ಅದರಲ್ಲೂ 'ಅದೇ ಪಿಸ್ತೂಲು' ಅನ್ನೋ ಹೊತ್ತಿಗೆ ಸರಿಯಾಗಿ ಪಕ್ಕದ ಮನೆ ಕುಕ್ಕರ್ ಕೂಗಿದೆ. ಎತ್ತರದ ಏಳು ಜೋಕೂ ಹಾಗೇ ಇವೆ.

ಮೊನ್ನೆ ರಾತ್ರಿ ಹನ್ನೊಂದೂವರೆಗೆ ಆ ಹುಡುಗನ ಮೆಸೇಜು ಬಂತು. "ಸರ್, ಜೇಡರ ಬಲೆ ನೋಡ್ತಾ ಇದೀನಿ. ಅಣ್ಣಾವ್ರು ಪಿಸ್ತೂಲು ತೆಗೆದಾಗೆಲ್ಲ ಕುಳ್ಳ ನೆನಪಾಗಿ ನಗು ಬರ್ತಿದೆ. ಅಮ್ಮಂಗೆ ಹೇಳಿ."

ಬೆಳಿಗ್ಗೆ ಹೇಳಿದೆ. "ಅಷ್ಟು ಹೊತ್ತಲ್ಲಿ ಸಿನಿಮಾ ನೋಡ್ತಾನಾ? ಊಟ ಗೀಟ ಮಾಡಿದ್ನಂತಾ?" ಅಂದಳು.