ಕಂಪನಿ ಕೈಬಿಟ್ಟ ಫೋನನ್ನು ನಾನು ಬಿಡಲಿಲ್ಲ

ಐದು ವರ್ಷದ ಹಿಂದೆ ಕೊಂಡ ನನ್ನ ಫೋನಿನ ಪರದೆಯ ಮೇಲೆ ಒಂದು ಗೀರೂ ಇಲ್ಲ. ಬ್ಯಾಟರಿ ಬೆಳಗಿನಿಂದ ರಾತ್ರಿಯವರೆಗೂ ಬರುತ್ತದೆ. ಆದರೆ ಅದನ್ನು ತಯಾರಿಸಿದ ಕಂಪನಿ ಎರಡೂವರೆ ವರ್ಷಗಳ ಹಿಂದೆಯೇ ಭದ್ರತಾ ಅಪ್‌ಡೇಟ್ ಕಳಿಸುವುದನ್ನು ನಿಲ್ಲಿಸಿತು. ಕಚೇರಿಯ ಗೆಳೆಯರು, ರಿಪೇರಿ ಅಂಗಡಿಯವರು ಎಲ್ಲರೂ ಹೇಳಿದ್ದು ಒಂದೇ ಮಾತು: ಹೊಸದು ತೆಗೆದುಕೊಳ್ಳಿ. ಉಳುತ್ತಿರುವ ಎತ್ತನ್ನು ಸಂತೆಗೆ ಹೊಡೆಯಿರಿ ಎಂದಂತೆ ಕೇಳಿಸಿತು ನನಗೆ.

ಎರಡು ತಿಂಗಳ ಹಿಂದೆ ಅದೇ ಫೋನಿಗೆ ಲೀನಿಯೇಜ್ ಎಂಬ ಬೇರೆ ಓಎಸ್ (ಫೋನನ್ನು ನಡೆಸುವ ಮೂಲ ತಂತ್ರಾಂಶ) ಹಾಕಿದೆ. ಆಂಡ್ರಾಯ್ಡ್‌ನ ಮೂಲ ಕೋಡ್ ಮುಕ್ತವಾಗಿದೆ, ಯಾರು ಬೇಕಾದರೂ ತೆಗೆದುಕೊಂಡು ತಿದ್ದಬಹುದು. ಹಾಗೆ ತಿದ್ದಿ ಬೆಳೆಸಿದ್ದ ಸೈನೋಜೆನ್‌ಮಾಡ್ 2016ರ ಡಿಸೆಂಬರ್‌ನಲ್ಲಿ ನಿಂತುಹೋದಾಗ ಸ್ವಯಂಸೇವಕರು ಅದನ್ನು ಲೀನಿಯೇಜ್ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಇದರಲ್ಲಿ ಗೂಗಲ್ ಆಪ್‌ಗಳು ಇರುವುದಿಲ್ಲ, ಬೇಕಾದವರು ಬೇರೆಯಾಗಿ ಹಾಕಿಕೊಳ್ಳಬೇಕು. ನಾನು ಹಾಕಿಕೊಳ್ಳಲಿಲ್ಲ.

ಹಾಕುವ ಕೆಲಸಕ್ಕೆ ಒಂದು ಭಾನುವಾರ ಹಿಡಿಯಿತು. ಫೋನ್ ಆನ್ ಆದಾಗ ಓಎಸ್ ಅನ್ನು ಎಬ್ಬಿಸುವ ತಂತ್ರಾಂಶವೇ ಬೂಟ್‌ಲೋಡರ್, ಬೇರೆ ಓಎಸ್ ಹಾಕಲು ಅದರ ಬೀಗ ತೆಗೆಯಬೇಕು. ಬೂಟ್‌ಲೋಡರಿನ ಬೀಗ ತೆಗೆದ ಕ್ಷಣ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಹಾಗಾಗಿ ಫೋಟೊಗಳನ್ನು ಮೊದಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ನಿಮ್ಮ ಮಾದರಿಯ ಫೋನಿನಲ್ಲಿ ವೋಲ್ಟಿ (4ಜಿ ಜಾಲದ ಮೇಲೆಯೇ ಕರೆ ಮಾಡುವ ವ್ಯವಸ್ಥೆ) ಕೆಲಸ ಮಾಡುತ್ತದೆಯೇ ಎಂದೂ ನೋಡಿಕೊಳ್ಳಿ. ಜಿಯೋ ಜಾಲದಲ್ಲಿ 2ಜಿ, 3ಜಿ ಇಲ್ಲದ ಕಾರಣ ವೋಲ್ಟಿ ಇಲ್ಲದಿದ್ದರೆ ಸಾಮಾನ್ಯ ಕರೆಯೇ ಹೋಗುವುದಿಲ್ಲ.

ಮೊದಲ ವಾರ ನನ್ನ ಗಮನಕ್ಕೆ ಬಂದದ್ದು ನಿಶ್ಶಬ್ದ. ಕೇಳದೇ ಬಂದು ಕೂತಿದ್ದ ಆಟಗಳಿಲ್ಲ, ಸಾಲ ಬೇಕೇ ಎಂದು ಕೇಳುವ ಸೂಚನೆಗಳಿಲ್ಲ. ಕನ್ನಡ ಬರೆಯಲು, ಮುಕ್ತ ತಂತ್ರಾಂಶಗಳ ಆಪ್ ಅಂಗಡಿಯಾದ ಎಫ್‌-ಡ್ರಾಯ್ಡ್‌ನಿಂದ ಇಂಡಿಕ್ ಕೀಬೋರ್ಡ್ ಇಳಿಸಿಕೊಂಡೆ. ಅದನ್ನು ಕಟ್ಟಿದ್ದು ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗ. ನೆರೆಯ ಭಾಷೆಯವರು ತಮ್ಮ ಕೆಲಸದ ಜೊತೆಗೆ ನಮ್ಮ ಅಕ್ಷರಗಳಿಗೂ ಜಾಗ ಮಾಡಿಕೊಟ್ಟಿದ್ದಾರೆ ಎಂಬುದು ನನಗೆ ಸಣ್ಣ ಸಂಗತಿಯಲ್ಲ. 2012ರಲ್ಲಿ ಆಂಡ್ರಾಯ್ಡ್ 4.1 ಬರುವ ಮೊದಲು ಎಷ್ಟೋ ಫೋನುಗಳಲ್ಲಿ ಕನ್ನಡದ ಬದಲು ಖಾಲಿ ಚೌಕಗಳು ಕಾಣುತ್ತಿದ್ದವು. ಆ ಚೌಕಗಳನ್ನು ನೋಡಿದವರಿಗೆ ನನ್ನ ಮಾತು ಅರ್ಥವಾಗುತ್ತದೆ.

ನಕ್ಷೆಗೆ ಆರ್ಗ್ಯಾನಿಕ್ ಮ್ಯಾಪ್ಸ್ ಇದೆ. ಇದು ಯಾರು ಬೇಕಾದರೂ ತಿದ್ದಬಹುದಾದ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮಾಹಿತಿಯನ್ನು ಫೋನಿನೊಳಗೇ ಇಟ್ಟುಕೊಳ್ಳುತ್ತದೆ. ಆಗುಂಬೆ ಘಾಟಿ ಇಳಿಯುವಾಗ ಸಿಗ್ನಲ್ ಹೋಗಿ ಎಷ್ಟು ಹೊತ್ತಾಗಿತ್ತೋ, ದಾರಿ ಮಾತ್ರ ತಪ್ಪಲಿಲ್ಲ. ಆದರೆ ಊರ ಒಳಗಿನ ಅಂಗಡಿ, ಆಸ್ಪತ್ರೆ ಹುಡುಕಲು ಹೊರಟರೆ ಅರ್ಧಕ್ಕರ್ಧ ಸಿಗುವುದಿಲ್ಲ. ನನ್ನ ತಾಯಿಯ ಊರಿನ ಕೆರೆಗೆ ಹೆಸರೇ ಇರಲಿಲ್ಲ. ನಾನೇ ಕನ್ನಡದಲ್ಲಿ ಸೇರಿಸಿದೆ. ಮುಂದೆ ಅಪ್‌ಡೇಟ್ ಬಂದಾಗ ಆ ಹೆಸರನ್ನು ನೀಲಿ ನೀರಿನ ಮೇಲೆ ನೋಡಿ ಅಮ್ಮನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

ಇನ್ನು ಹಣದ ವಿಷಯ. ನನ್ನ ಬ್ಯಾಂಕಿನ ಆಪ್ ತೆರೆದ ಕೂಡಲೇ "ಈ ಸಾಧನ ಸುರಕ್ಷಿತವಲ್ಲ" ಎಂದು ಹೇಳಿ ಮುಚ್ಚಿಕೊಂಡಿತು. ನನ್ನ ಫೋನಿನಲ್ಲಿ ಈಗ ಇರುವುದು ಕಳೆದ ತಿಂಗಳ ಭದ್ರತಾ ತೇಪೆ, ಅಂದರೆ ತೂತು ಮುಚ್ಚುವ ಅಪ್‌ಡೇಟ್. ಮೂರು ವರ್ಷದಿಂದ ಒಂದೂ ತೇಪೆ ಕಾಣದ ತಮ್ಮನ ಫೋನಿನಲ್ಲಿ ಅದೇ ಆಪ್ ಸರಾಗವಾಗಿ ನಡೆಯುತ್ತದೆ. ಬೂಟ್‌ಲೋಡರಿನ ಬೀಗ ತೆರೆದಿರುವುದು ಅಪಾಯವೇ ಅಲ್ಲ ಎಂದು ನಾನು ವಾದಿಸುವುದಿಲ್ಲ. ಫೋನ್ ಬೇರೆಯವರ ಕೈಗೆ ಸಿಕ್ಕರೆ ವ್ಯವಸ್ಥೆಯನ್ನೇ ಬದಲಿಸಬಹುದು. ಪಿಕ್ಸೆಲ್ ಫೋನುಗಳಿಗೆಂದೇ ಮಾಡಿದ ಗ್ರಾಫೀನ್ ಓಎಸ್‌ನಲ್ಲಿ ಬೀಗವನ್ನು ಮತ್ತೆ ಹಾಕಬಹುದು, ನನ್ನ ಫೋನಿನಲ್ಲಿ ಅದು ಆಗುವುದಿಲ್ಲ. ಆದರೆ ತೂಗುವವರು ಎರಡೂ ಅಪಾಯಗಳನ್ನು ತೂಗಬೇಕಲ್ಲವೇ? ಹಳೆಯ ತೂತುಗಳನ್ನು ನೋಡದೆ, ಕಂಪನಿಯ ಮೂಲ ಓಎಸ್ ಇದೆ ಎಂಬ ಕಾರ್ಖಾನೆಯ ಮುದ್ರೆಯೊಂದನ್ನೇ ನೋಡಿ ಬಾಗಿಲು ತೆರೆಯುವುದು ಭದ್ರತೆ ಎಂದು ನನಗೆ ಅನ್ನಿಸುವುದಿಲ್ಲ. 2016ರಲ್ಲಿ ಯುಪಿಐ ಬಂದ ಮೇಲೆ ಸೊಪ್ಪಿನವರ ಹತ್ತಿರವೂ ಚಿಲ್ಲರೆ ಸಿಗುವುದು ಅಪರೂಪ. ಇಷ್ಟು ಅನಿವಾರ್ಯವಾದ ಸೇವೆಯನ್ನು ಪಡೆಯಲು ಯಾವ ಓಎಸ್ ಬಳಸಬೇಕು ಎಂದು ಬ್ಯಾಂಕ್ ನಿರ್ಧರಿಸುವುದು ನನಗೆ ಒಪ್ಪಿಗೆಯಿಲ್ಲ.

ಬೇರೆ ಓಎಸ್ ಎಂದರೆ ಎಂಜಿನಿಯರುಗಳ ಹವ್ಯಾಸ ಎನ್ನುವವರಿಗೆ ಒಂದು ಮಾತು. 2017ರಲ್ಲಿ ಬಂದ ಜಿಯೋಫೋನ್‌ನಲ್ಲಿದ್ದದ್ದು ಆಂಡ್ರಾಯ್ಡ್ ಅಲ್ಲ, ಮೊಜಿಲ್ಲಾದ ಫೈರ್‌ಫಾಕ್ಸ್ ಓಎಸ್‌ನಿಂದ ಕವಲೊಡೆದ ಕೈಓಎಸ್. ನಮ್ಮ ಹಳ್ಳಿಗಳ ಎಷ್ಟೋ ಅಜ್ಜ ಅಜ್ಜಿಯರು ಮೊದಲ ವಿಡಿಯೊ ನೋಡಿದ್ದು ಅದರಲ್ಲೇ.

ಸದ್ಯ ಜೇಬಿನಲ್ಲಿ ನೋಟು ಇಟ್ಟುಕೊಂಡು ಓಡಾಡುತ್ತಿದ್ದೇನೆ. ತುರ್ತಿಗೆ, ಇಂಟರ್ನೆಟ್ ಇಲ್ಲದೆ ಡಯಲ್ ಮಾಡಿಯೇ ಹಣ ಕಳಿಸುವ *99# ಇದೆ, ಅದರ ಮೆನುಗಳನ್ನು ದಾಟುವ ತಾಳ್ಮೆ ಬೇಕು ಅಷ್ಟೆ. ಹಳೆಯ ವ್ಯವಸ್ಥೆಗೆ ಮರಳುವ ಯೋಚನೆ ನನಗಿಲ್ಲ. ನನ್ನ ಫೋನಿನ ತೇಪೆಯ ದಿನಾಂಕ, ತಮ್ಮನ ಫೋನಿನ ತೇಪೆಯ ದಿನಾಂಕ ಎರಡನ್ನೂ ಬರೆದು ಕಳೆದ ಸೋಮವಾರ ಬ್ಯಾಂಕಿಗೆ ಕನ್ನಡದಲ್ಲೇ ಪತ್ರ ಕೊಟ್ಟು ಸ್ವೀಕೃತಿ ಪಡೆದಿದ್ದೇನೆ. ಉತ್ತರ ಬಂದ ದಿನ ಇಲ್ಲೇ ಹಾಕುತ್ತೇನೆ. ನಿಮ್ಮಲ್ಲಿ ಯಾರಾದರೂ ಲೀನಿಯೇಜ್ ಬಳಸುತ್ತಿದ್ದು ನಿಮ್ಮ ಬ್ಯಾಂಕಿನ ಆಪ್ ನಡೆಯುತ್ತಿದ್ದರೆ ದಯವಿಟ್ಟು ಕೆಳಗೆ ತಿಳಿಸಿ, ಖಾತೆ ಬದಲಿಸಲು ನಾನು ಸಿದ್ಧನಿದ್ದೇನೆ.