ಅಣ್ಣಾರು ಲೈಮ್‌ಲೈಟಿನಲ್ಲಿದ್ದಾರೆ

ಹುಬ್ಬಳ್ಳಿಯಲ್ಲಿ ಲೈಮ್‌ಲೈಟಿಗೆ ಬರಬೇಕಾದರೆ ಈಗ ಏನೂ ಸಾಧಿಸಬೇಕಿಲ್ಲ. ಹುಟ್ಟಿದ್ದರೆ ಸಾಕು. ಉಳಿದದ್ದನ್ನು ಫ್ಲೆಕ್ಸಿನವನು ನೋಡಿಕೊಳ್ಳುತ್ತಾನೆ.

ಚೆನ್ನಮ್ಮ ಸರ್ಕಲ್ ಕಡೆ ಬನ್ನಿ. ಎರಡಾಳೆತ್ತರದ ಫ್ಲೆಕ್ಸು. ನಡುವೆ ಬಿಳಿ ಅಂಗಿ, ಕರಿ ಕನ್ನಡಕ, ಕಿವಿಗೆ ಮೊಬೈಲು. ಹುಟ್ಟುಹಬ್ಬದ ದಿನವೂ ಫೋನ್ ಕೆಳಗಿಡಲು ಪುರಸೊತ್ತಿಲ್ಲದಷ್ಟು ಜನಸೇವೆ! ಕೆಳಗೆ ‘ಶುಭ ಕೋರುವವರು’ ಎಂದು ಅಂಚೆಚೀಟಿ ಗಾತ್ರದ ಮುಖಗಳು. ತಾವು ಶುಭ ಕೋರಿದ್ದೇವೆಂದು ಅವರಲ್ಲಿ ಅರ್ಧ ಜನರಿಗೆ ಗೊತ್ತಾಗುವುದೇ ಫ್ಲೆಕ್ಸ್ ನೋಡಿದ ಮೇಲೆ. ದಾರಿ ತೋರಿಸುವ ಬೋರ್ಡು ಎಲ್ಲೋ ಅದರ ಹಿಂದೆ. ಪರವೂರಿನವರು ಕೇಳಿದರೆ, ‘ಅಣ್ಣಾರ ಎಡಗೈ ಕಡೆ ಹೋಗ್ರಿ’ ಅನ್ನಬೇಕು.

1824ರಲ್ಲಿ ಬ್ರಿಟಿಷರ ಮೇಲೆ ಕತ್ತಿ ಹಿರಿದ ಕಿತ್ತೂರು ರಾಣಿ ಕುದುರೆ ಮೇಲೆ ಕೂತು ಇದನ್ನೆಲ್ಲ ನೋಡುತ್ತಾಳೆ. ಪಾಪ, ಆಕೆಗೆ ಫೋನೂ ಇಲ್ಲ.

ಆಟೋದವರನ್ನು ಕೇಳಿದೆ, ‘ಯಾರ್ರೀ ಇವ್ರು?’

‘ಗೊತ್ತಿಲ್ರೀ ಸರ. ಆದ್ರ ಭಾಳ ದೊಡ್ಡ ಮನಷ್ಯಾ ಇರಬೇಕು. ದಿನಾ ನೋಡ್ತೀನಲ್ಲ.’

ಹೆಸರು ಗೊತ್ತಿಲ್ಲ, ಕೆಲಸ ಗೊತ್ತಿಲ್ಲ, ದೊಡ್ಡವರು ಎಂಬುದು ಮಾತ್ರ ಗ್ಯಾರಂಟಿ.

ಅಸಲಿ ಲೈಮ್‌ಲೈಟ್ ಇಷ್ಟು ಸಲೀಸಿರಲಿಲ್ಲ. ಅದು ಸುಣ್ಣದ ದೀಪ. ಆಮ್ಲಜನಕ, ಜಲಜನಕ ಸೇರಿದ ಉರಿಯನ್ನು ಸುಣ್ಣದ ತುಂಡಿಗೆ ಹಿಡಿದರೆ ಕಣ್ಣು ಕುಕ್ಕುವ ಬೆಳಕು. 1837ರಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ ನಾಟಕಶಾಲೆಯಲ್ಲಿ ಅದನ್ನು ಹಚ್ಚಿದರು. ಮುಖ್ಯ ನಟನ ಮೇಲೆ ಬೆಳಕು ನಿಲ್ಲಬೇಕೆಂದರೆ ದೀಪದ ಆಳು ಪಕ್ಕದಲ್ಲೇ ಕೂತು ಸುಣ್ಣವನ್ನು ತಿರುಗಿಸುತ್ತ ಇರಬೇಕಿತ್ತು. ಬಿಟ್ಟರೆ ಒಂದೇ ಕಡೆ ಸುಟ್ಟು ಗುಂಡಿ ಬೀಳುತ್ತಿತ್ತು. ನಮ್ಮಲ್ಲಿ ಆ ಗುಂಡಿ ರಸ್ತೆಯಲ್ಲಿ ಬೀಳುತ್ತದೆ, ಬೆಳಕಿಗೆ ಏನೂ ಆಗುವುದಿಲ್ಲ.

ಇನ್ನೊಂದು ವ್ಯತ್ಯಾಸವಿದೆ. ಅಲ್ಲಿ ಬೆಳಕು ಬಿದ್ದ ಕೂಡಲೇ ನಟ ಬಾಯಿಬಿಟ್ಟು ಮಾತು ಹೇಳಬೇಕಿತ್ತು, ತಪ್ಪಿದರೆ ಜನ ಕೂಗುತ್ತಿದ್ದರು. ಅಣ್ಣಾರಿಗೆ ಆ ತಾಪತ್ರಯವೇ ಇಲ್ಲ. ಮಾತಿಲ್ಲ, ಪಾತ್ರವಿಲ್ಲ, ನಾಟಕವೂ ಇಲ್ಲ. ಸುಮ್ನೆ ನಿಂತರೆ ಆಯಿತು. ಬೆಣ್ಣೆ ಅವರ ಕಣ್ಣಿಗೆ, ಸುಣ್ಣ ನಮ್ಮ ಕಣ್ಣಿಗೆ.

ಮೊನ್ನೆ ಜೋರು ಮಳೆ. ನಿಂತದ್ದು ಒಂದು ಗಿರ್ಮಿಟ್ ಗಾಡಿಯ ಕೆಳಗೆ. ತಲೆಯೆತ್ತಿ ನೋಡಿದರೆ ಮೇಲೆ ಅದೇ ಕರಿ ಕನ್ನಡಕ, ಅದೇ ಫೋನು, ತಲೆಕೆಳಗಾಗಿ ಹಗ್ಗಕ್ಕೆ ಬಿಗಿದಿದೆ. ಒಂದು ಹನಿಯೂ ಒಳಗೆ ಬೀಳುತ್ತಿರಲಿಲ್ಲ.

‘ತಾಡಪತ್ರಿಗಿಂತ ಗಟ್ಟಿ ಐತ್ರಿ,’ ಎಂದ ಗಾಡಿಯವ, ಮಿರ್ಚಿ ತಿರುವುತ್ತ. ‘ಅಣ್ಣಾರು ಮಂದಿಗೆ ಉಪಯೋಗಕ್ಕ ಬಂದಿದ್ದು ಇದ ಮೊದಲು ನೋಡ್ರಿ. ಮುಂದಿನ ಹುಟ್ಟುಹಬ್ಬಕ್ಕ ಸ್ವಲ್ಪ ಅಗಲ ಮಾಡ್ಸು ಅಂತ ಹೇಳೂನು, ಆ ಕಡೆ ಬೆಂಚು ತೋಯ್ತಾವ.’